ಉದ್ಯಾನಶಿಲ್ಪಿ ಕ್ರುಂಬಿಗಲ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಶಾಲೆಗಳಿಂದ ಮಕ್ಕಳು ಘಟ್ಟವನ್ನು ಹತ್ತಿ ಮೈಸೂರು, ಬೆಂಗಳೂರುಗಳಿಗೆ ಪ್ರವಾಸ ಹೋಗುವುದು ವಾಡಿಕೆ. ನಾನು ಅಧ್ಯಾಪಕನಾಗಿದ್ದ ದಿನಗಳಲ್ಲಿ ಅಂಥ ಒಂದು ಪ್ರವಾಸದಲ್ಲಿ ಮಕ್ಕಳೊಡನೆ ಬೆಂಗಳೂರಿನ ಲಾಲ್‌ಬಾಗಿಗೆ ಹೋಗಿದ್ದೆ. ಗಾಜಿನ ಮನೆಯ ಮುಂದೆ ಹತ್ತಾರು ಮಂದಿ ತೋಟದ ಕೆಲಸಗಾರರು ಮೊಣಕಾಲೂರಿ ಕುಳಿತು ಹೂವಿನ ಪಾತಿಗಳಲ್ಲಿ ಕಳೆ ಕೀಳುತ್ತಿದ್ದರು. ಅದನ್ನು ಕಂಡ ಹುಡುಗನೊಬ್ಬನು, ನಮ್ಮೂರಿನ ಗುಡ್ಡಗಳಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಕೇಪಳವೂ ನೇರಳೆಯೂ ಬೆಳೆಯುತ್ತವೆ, ಇಲ್ಲಿ ಮಾತ್ರ ಇಷ್ಟು ಜನ ಬಗ್ಗಿ ದುಡಿಯಬೇಕೇಕೆ ಎಂದು ಕೇಳಿದನು. ಅವನ ಜೊತೆಗಾರನು, ಮಾಲಿಯ ಕೆಲಸವನ್ನೂ ಯಾರಾದರೂ ಕಲಿಯಬೇಕೇ ಎಂದು ನಕ್ಕನು. ಎರಡೂ ಪ್ರಶ್ನೆಗಳು ಸಹಜವಾದವುಗಳೇ. ಮುಂಗಾರು ಮಳೆ ತಾನೇ ತೋಟಗಾರನಾಗಿರುವ ಕರಾವಳಿಯ ಮಕ್ಕಳಿಗೆ ಹಾಗೆ ತೋರುವುದು ಆಶ್ಚರ್ಯವಲ್ಲ. ಆ ಪ್ರಶ್ನೆಗಳಿಗೆ ಉತ್ತರವೆಂಬಂತೆ ಬಾಳಿದ ಒಬ್ಬ ಮಹನೀಯರ ಜೀವನವನ್ನು ಇಲ್ಲಿ ಪರಿಚಯಿಸಿಕೊಳ್ಳೋಣ. ಅವರೇ ಗುಸ್ತಾವ್ ಹರ್ಮನ್ ಕ್ರುಂಬಿಗಲ್.

ಲಾಲ್‌ಬಾಗಿನ ಇತಿಹಾಸ ಕ್ರುಂಬಿಗಲ್ ಅವರಿಗಿಂತ ಬಹಳ ಹಿಂದಿನದು. 1760ರ ಸುಮಾರಿಗೆ ಹೈದರ ಅಲಿ ಆ ತೋಟಕ್ಕೆ ಅಡಿಪಾಯ ಹಾಕಿದನು. ಅವನ ಮಗ ಟಿಪ್ಪು ಸುಲ್ತಾನನು ದೂರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ಅದನ್ನು ಬೆಳೆಸಿದನು. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. ಅನಂತರ ಇಂಗ್ಲೆಂಡಿನ ಪ್ರಸಿದ್ಧ ಕ್ಯೂ ಸಸ್ಯೋದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ, ಜಾನ್ ಕ್ಯಾಮೆರಾನ್ ಮೊದಲಾದವರು ಅದನ್ನು ನೋಡಿಕೊಂಡರು. 1889ರಲ್ಲಿ ಗಾಜಿನ ಮನೆಗೆ ಅಸ್ತಿಭಾರ ಬಿದ್ದಿತು. ಕ್ಯಾಮೆರಾನ್ ಅವರ ತರುವಾಯ, 1908ರಲ್ಲಿ, ಆ ತೋಟದ ಹೊಣೆಯನ್ನು ಹೊತ್ತವರು ಕ್ರುಂಬಿಗಲ್. ಇಪ್ಪತ್ತನಾಲ್ಕು ವರ್ಷಗಳ ಕಾಲ ಅವರು ಆ ಹೊಣೆಯನ್ನು ನಿರ್ವಹಿಸಿದರು. ಲಾಲ್‌ಬಾಗಿಗೆ ಮಾತ್ರವಲ್ಲ, ಬೆಂಗಳೂರು ನಗರಕ್ಕೇ ಹೂವಿನ ಹೊದಿಕೆಯನ್ನು ಹೊದಿಸಿದ ಕೀರ್ತಿ ಅವರದು.

ಕ್ರುಂಬಿಗಲ್ ಅವರು ಹುಟ್ಟಿದ್ದು 1865ನೆಯ ಇಸವಿ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಲೋಮೆನ್ ಎಂಬ ಚಿಕ್ಕ ಊರಿನಲ್ಲಿ. ಡ್ರೆಸ್ಡೆನ್ ನಗರಕ್ಕೆ ಅದು ದೂರವಲ್ಲ. ಅದೇ 1865ರಲ್ಲಿ ನಮ್ಮ ಮಂಗಳೂರಿನ ನೇತ್ರಾವತಿ ದಂಡೆಯಲ್ಲಿ ಬಾಸೆಲ್ ಮಿಶನಿನವರು ಮೊದಲ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಬಂಟ್ವಾಳದ ಬದಿಯಲ್ಲಿ ಹರಿದು ಬರುವ ಹೊಳೆಯ ಜೇಡಿಮಣ್ಣನ್ನು ಹಂಚಾಗಿಸುವ ವಿದ್ಯೆಯನ್ನು ಅವರು ನಮ್ಮವರಿಗೆ ಕಲಿಸಿದರು. ಅದೇ ಮಿಶನಿನ ಜರ್ಮನ್ ವಿದ್ವಾಂಸ ಕಿಟ್ಟೆಲ್ ಅವರು 1894ರಲ್ಲಿ ಕನ್ನಡಕ್ಕೆ ಮಹತ್ತಾದ ನಿಘಂಟನ್ನು ಕೊಟ್ಟರು. ಹೀಗೆ ಜರ್ಮನಿಯ ಕೈಗಳಿಗೂ ಕನ್ನಡದ ನೆಲಕ್ಕೂ ನಂಟು ಬೆಳೆಯುತ್ತಿದ್ದ ಕಾಲದಲ್ಲಿ, ಮುಂದೆ ಅದೇ ನಂಟನ್ನು ಹೂವಿನ ದಾರದಿಂದ ಹೆಣೆಯಲಿದ್ದ ಶಿಶು ಅತ್ತ ಎಲ್ಬೆ ನದಿಯ ಸೀಮೆಯಲ್ಲಿ ಕಣ್ದೆರೆಯಿತು.

ವಿಲ್ಸ್‌ಡ್ರುಫ್ ಮತ್ತು ಪಿಲ್‌ನಿಟ್ಸ್ ಎಂಬಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಎಲ್ಬೆ ನದಿಯ ದಂಡೆಯ ಮೇಲಿರುವ ಪಿಲ್‌ನಿಟ್ಸ್ ಸ್ಯಾಕ್ಸನಿಯ ಅರಸರ ಬೇಸಗೆಯ ಬಿಡಾರ. ಅಲ್ಲಿಯ ಅರಮನೆಯ ಸುತ್ತಲೂ ವಿಶಾಲವಾದ ಉದ್ಯಾನವಿದೆ. ತರುಣ ಕ್ರುಂಬಿಗಲ್ ತೋಟಗಾರಿಕೆಯ ಮೊದಲ ಪಾಠಗಳನ್ನು ಕಲಿತದ್ದು ಅಲ್ಲಿಯೇ.

ಆ ಕಾಲದ ಜರ್ಮನಿಯಲ್ಲಿ ಯಾವ ಕಸುಬನ್ನಾದರೂ ಕಲಿಯಬೇಕೆನ್ನುವವನು ಒಬ್ಬ ಗುರುವಿನ ಕೈಕೆಳಗೆ ಕೆಲವು ವರ್ಷ ಅಪ್ರೆಂಟಿಸನಾಗಿ ದುಡಿಯಬೇಕಾಗಿತ್ತು. ನಮ್ಮಲ್ಲಿ ಅಕ್ಕಸಾಲಿಗರ, ಬಡಗಿಗಳ, ಶಿಲ್ಪಿಗಳ ಮನೆಗಳಲ್ಲಿ ಕಿರಿಯರು ಹಿರಿಯರ ಬಳಿಯಲ್ಲಿ ಕುಳಿತು ಕಲಿಯುತ್ತಿದ್ದುದೂ ಇದೇ ಕ್ರಮದಲ್ಲಿ. ತೋಟದ ಕೆಲಸಕ್ಕೆ ಸೇರಿದ ಹುಡುಗನಿಗೆ ಮೊದಲ ದಿನವೇ ಯಾರೂ ಗುಲಾಬಿಯನ್ನು ಕಸಿ ಮಾಡಲು ಬಿಡುವುದಿಲ್ಲ. ಮಣ್ಣಿನ ಕುಂಡಗಳನ್ನು ತೊಳೆಯುವುದು, ಮಣ್ಣನ್ನು ಜರಡಿಯಾಡುವುದು, ಉದುರಿದ ಎಲೆಗಳನ್ನು ಒಟ್ಟಿ ಕೊಳೆಯಿಸಿ ಗೊಬ್ಬರ ಮಾಡುವುದು, ಬಾವಿಯಿಂದ ನೀರು ಹೊರುವುದು, ಇವೇ ಅವನ ಅಕ್ಷರಾಭ್ಯಾಸ. ಕುಂಡವನ್ನು ತೊಳೆಯುವುದೂ ಒಂದು ವಿದ್ಯೆಯೇ ಎಂದು ನಿಮಗೆ ಅನ್ನಿಸಬಹುದು. ಆದರೆ ಹಳೆಯ ಕುಂಡದ ಗೋಡೆಗೆ ಅಂಟಿದ ಪಾಚಿಯಲ್ಲಿಯೂ ಮಣ್ಣಿನಲ್ಲಿಯೂ ರೋಗದ ಬೀಜ ಅಡಗಿರುತ್ತದೆ. ಅದನ್ನು ಸರಿಯಾಗಿ ತೊಳೆಯದಿದ್ದರೆ ಹೊಸ ಸಸಿ ಸಾಯುತ್ತದೆ. ಕುಂಡದ ತಳದ ತೂತಿಗೆ ಹಂಚಿನ ಚೂರನ್ನು ಸರಿಯಾಗಿ ಇಡದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ. ಹೀಗೆ ಅತಿ ಕಿರಿದೆಂದು ತೋರುವ ಕೆಲಸದ ಹಿಂದೆ ಗಿಡದ ಸಾವುಬದುಕುಗಳು ಇರುತ್ತವೆ.

ಅನಂತರದ ಪಾಠಗಳು ಇನ್ನೂ ಸೂಕ್ಷ್ಮವಾದವು. ಸಾಸಿವೆಗಿಂತ ಸಣ್ಣದಾದ ಹೂಬೀಜವನ್ನು ಮರಳಿನೊಡನೆ ಬೆರೆಸಿ ಹದವಾಗಿ ಉದುರಿಸಬೇಕು. ಎರಡೆಲೆ ಮೂಡಿದೊಡನೆ ಸಸಿಯನ್ನು ಕಾಂಡಕ್ಕೆ ಬೆರಳು ತಾಗಿಸದೆ, ಎಲೆಯನ್ನು ಮಾತ್ರ ಹಿಡಿದು ಕೀಳಬೇಕು. ಕಾಂಡ ನಲುಗಿದರೆ ಸಸಿ ಉಳಿಯದು, ಒಂದೆಲೆ ಹರಿದರೆ ಇನ್ನೊಂದೆಲೆ ಬಂದೀತು. ಯಾವ ಗಿಡವನ್ನು ಕಡ್ಡಿಯಿಂದ ಬೆಳೆಸಬೇಕು, ಯಾವುದಕ್ಕೆ ಗೂಟಿ ಕಟ್ಟಬೇಕು, ಯಾವುದಕ್ಕೆ ಕಣ್ಣು ಕಸಿ ಹಾಕಬೇಕು ಎಂಬುದನ್ನು ಕೈಯೇ ಕಲಿಯಬೇಕು. ಯಾವ ಕೊಂಬೆಯನ್ನು ಯಾವ ತಿಂಗಳಲ್ಲಿ ಸವರಬೇಕು ಎಂಬುದನ್ನು ತಿಳಿಯಲು ಗಿಡದ ಒಂದು ವರ್ಷದ ಬಾಳನ್ನು ಕಣ್ಣಾರೆ ಕಾಣಬೇಕು. ಪುಸ್ತಕದ ಪುಟವನ್ನು ಒಂದು ರಾತ್ರಿಯಲ್ಲಿ ಓದಿ ಮುಗಿಸಬಹುದು, ಒಂದು ಋತುವನ್ನು ಒಂದು ರಾತ್ರಿಯಲ್ಲಿ ಮುಗಿಸಲಾಗದು. ಆದುದರಿಂದಲೇ ತೋಟಗಾರಿಕೆಯ ಕಲಿಕೆಗೆ ವರ್ಷಗಳೇ ಬೇಕು.

ಪಿಲ್‌ನಿಟ್ಸಿನ ಉದ್ಯಾನದಲ್ಲಿ ಒಂದು ಕ್ಯಾಮೆಲಿಯಾ ಮರವಿದೆ. ಜಪಾನ್ ಮೂಲದ ಈ ಮರವನ್ನು ಈಗಿನ ಜಾಗದಲ್ಲಿ ನೆಟ್ಟದ್ದು 1801ರಲ್ಲಿ. ಸ್ಯಾಕ್ಸನಿಯ ಚಳಿಗಾಲದ ಹಿಮವನ್ನು ತಾಳುವ ಶಕ್ತಿ ಅದಕ್ಕಿಲ್ಲ. ಆದುದರಿಂದ ಅಲ್ಲಿಯ ತೋಟಗಾರರು ಪ್ರತಿ ಚಳಿಗಾಲದಲ್ಲಿ ಮರದ ಸುತ್ತಲೂ ಹಲಗೆಯ ಮನೆಯನ್ನು ಕಟ್ಟಿ, ಒಳಗೆ ಬೆಂಕಿಯಿಂದ ಕಾವು ಕೊಟ್ಟು, ವಸಂತ ಬಂದೊಡನೆ ಅದನ್ನು ಬಿಚ್ಚುತ್ತಿದ್ದರು. 1905ರಲ್ಲಿ ಆ ಹಲಗೆಮನೆಗೇ ಬೆಂಕಿ ಬಿದ್ದಿತು. ಬೆಂಕಿಯನ್ನಾರಿಸಲು ಸುರಿದ ನೀರು ಆ ಕೊರೆಯುವ ಚಳಿಯಲ್ಲಿ ಮಂಜುಗಡ್ಡೆಯಾಗಿ ಮರವನ್ನು ಮುಚ್ಚಿತು. ಅದರಿಂದಲೇ ಮರ ಬದುಕಿ ಮತ್ತೆ ಚಿಗುರಿತೆಂದು ಹೇಳುತ್ತಾರೆ. ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಅದು ಹೂ ಬಿಡುತ್ತ ಬಂದಿದೆ. ಈಗ ಅದರ ರಕ್ಷಣೆಗೆ ಹಳಿಗಳ ಮೇಲೆ ಸರಿಯುವ ಗಾಜಿನ ಮನೆಯಿದೆ. ಒಂದು ಮರಕ್ಕಾಗಿ ತಲೆಮಾರು ತಲೆಮಾರಿನ ತೋಟಗಾರರು ಹೀಗೆ ದುಡಿದ ಸ್ಥಳದಲ್ಲಿ ಕ್ರುಂಬಿಗಲ್ ಕಲಿತರು. ಬೇರೆ ನೆಲದಿಂದ ಬಂದ ಗಿಡವನ್ನು ಹೊಸ ನೆಲದಲ್ಲಿ ಬಾಳಿಸುವುದೆಂದರೇನು ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಪಾಠ ಬೇಕಿರಲಿಲ್ಲ.

ಮೊದಲ ಕಲಿಕೆ ಮುಗಿದ ಮೇಲೆ ಊರೂರು ಸುತ್ತಿ ಬೇರೆ ಬೇರೆ ಗುರುಗಳ ಬಳಿಯಲ್ಲಿ ಕೆಲಸ ಮಾಡುವುದು ಆ ದೇಶದ ಕಸುಬುದಾರರ ಪದ್ಧತಿ. ಅದರಂತೆ ಕ್ರುಂಬಿಗಲ್ 1884ರಲ್ಲಿ ಉತ್ತರ ಜರ್ಮನಿಯ ಶ್ವೆರೀನ್ ಎಂಬಲ್ಲಿಗೆ ಹೋದರು. ಸರೋವರದ ನಡುವೆ ಅರಮನೆಯಿರುವ ಊರು ಅದು. ಅಲ್ಲಿಂದ ಹ್ಯಾಂಬರ್ಗ್ ನಗರಕ್ಕೆ ಹೋಗಿ 1885ರಿಂದ 1887ರವರೆಗೆ ಉದ್ಯಾನ ರಚನೆಯ ಕೆಲಸ ಮಾಡಿದರು. ಹ್ಯಾಂಬರ್ಗ್ ದೊಡ್ಡ ಬಂದರು. ದೂರದ ಖಂಡಗಳ ಸರಕನ್ನು ಹೊತ್ತ ಹಡಗುಗಳು ಅಲ್ಲಿಗೆ ಬರುತ್ತಿದ್ದವು. ಒಂದೊಂದು ಗಿಡವನ್ನು ಸಾಕುವ ವಿದ್ಯೆಯ ಜೊತೆಗೆ ದಾರಿ, ಹುಲ್ಲುಹಾಸು, ನೀರು, ಮರಗಳ ಗುಂಪು ಇವೆಲ್ಲವನ್ನೂ ಒಂದೇ ಚಿತ್ರದಂತೆ ಕೂಡಿಸುವ ವಿದ್ಯೆ ಅವರಿಗೆ ಅಲ್ಲಿ ಕೈಗೂಡಿತು.

ಆಗಿನ ಕಾಲದಲ್ಲಿ ಗಿಡಮರಗಳ ವಿದ್ಯೆಯನ್ನು ಕಲಿಯಬೇಕೆನ್ನುವವರ ಕಣ್ಣೆಲ್ಲ ಲಂಡನ್ನಿನ ಸಮೀಪದ ಕ್ಯೂ ಉದ್ಯಾನದ ಮೇಲಿತ್ತು. ಭೂಮಿಯ ಎಲ್ಲ ಮೂಲೆಗಳಿಂದ ಸಸ್ಯಗಳು ಅಲ್ಲಿಗೆ ಬಂದು ಸೇರುತ್ತಿದ್ದವು, ಅಲ್ಲಿಂದ ಬೇರೆ ಖಂಡಗಳಿಗೆ ಹೋಗುತ್ತಿದ್ದವು. 1876ರಲ್ಲಿ ಬ್ರೆಜಿಲಿನಿಂದ ಬಂದ ರಬ್ಬರ್ ಬೀಜಗಳು ಅಲ್ಲಿ ಮೊಳೆತು, ಆ ಸಸಿಗಳು ಸಿಂಹಳಕ್ಕೆ ಪ್ರಯಾಣ ಮಾಡಿದವು. ಇಂದು ಬೆಳ್ತಂಗಡಿಯ ಗುಡ್ಡಗಳ ಮೇಲೆ ಸಾಲುಸಾಲಾಗಿ ನಿಂತಿರುವ ರಬ್ಬರ್ ಮರಗಳ ಪೂರ್ವಜರು ಏಷ್ಯಾಕ್ಕೆ ಬಂದುದು ಹೀಗೆ, ಕ್ಯೂ ತೋಟದ ಮೂಲಕ.

1888ರಲ್ಲಿ ಕ್ರುಂಬಿಗಲ್ ಇಂಗ್ಲೆಂಡಿಗೆ ಹೋದರು. ಮೊದಲು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳನ್ನು ರೂಪಿಸುವ ಕೆಲಸ ಮಾಡಿದರು. ಒಂದೇ ಎತ್ತರದ, ಬೇರೆ ಬೇರೆ ಬಣ್ಣದ ಗಿಡಗಳನ್ನು ರತ್ನಗಂಬಳಿಯ ಚಿತ್ತಾರದಂತೆ ನೆಟ್ಟು ಸದಾ ಕತ್ತರಿಸಿ ನಿಲ್ಲಿಸುವ ಕಲೆ ಆಗ ಅಲ್ಲಿ ಬಹಳ ಬಳಕೆಯಲ್ಲಿತ್ತು. ಬಳಿಕ ಅವರಿಗೆ ಕ್ಯೂ ಉದ್ಯಾನದ ಬಾಗಿಲು ತೆರೆಯಿತು. ಅಲ್ಲಿ ಕೆಲಸ ಕಲಿಯುವ ತರುಣರು ಹಗಲೆಲ್ಲ ಗುದ್ದಲಿ, ಕತ್ತರಿಗಳನ್ನು ಹಿಡಿದು ದುಡಿಯುತ್ತಿದ್ದರು, ಸಂಜೆ ಸಸ್ಯಶಾಸ್ತ್ರದ ಉಪನ್ಯಾಸಗಳನ್ನು ಕೇಳುತ್ತಿದ್ದರು. ತೋಟಗಾರರೇ ಕೂಡಿ ಕಟ್ಟಿಕೊಂಡ ಚರ್ಚಾಸಂಘವೊಂದು ಅಲ್ಲಿತ್ತು. ಕೈಗೆ ಮೆತ್ತಿದ ಮಣ್ಣನ್ನು ತೊಳೆದುಕೊಂಡು ಬಂದವರು ಅಲ್ಲಿ ಲೇಖನಗಳನ್ನು ಓದಿ ಚರ್ಚಿಸುತ್ತಿದ್ದರು. ಕೈಯ ವಿದ್ಯೆಯೂ ಪುಸ್ತಕದ ವಿದ್ಯೆಯೂ ಒಂದನ್ನೊಂದು ಅಗಲಬಾರದೆಂಬುದು ಅಲ್ಲಿಯ ಶಿಕ್ಷಣದ ತಿರುಳು. ಪರದೇಶದವರಾದ ಕ್ರುಂಬಿಗಲ್ ಗಿಡಗಳ ಲ್ಯಾಟಿನ್ ಹೆಸರುಗಳೊಡನೆ ಇಂಗ್ಲಿಷ್ ಭಾಷೆಯಲ್ಲಿಯೂ ಪಳಗಬೇಕಾಯಿತು.

1893ರಲ್ಲಿ ಅವರ ಬಾಳಿನ ದಿಕ್ಕು ಬದಲಾಯಿತು. ಬರೋಡಾದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಸಂಸ್ಥಾನದಲ್ಲಿ ಉದ್ಯಾನಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಅವರು ಭಾರತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಯುರೋಪಿನಲ್ಲಿ ಚಳಿಯಿಂದ ಗಿಡವನ್ನು ಕಾಪಾಡುವುದನ್ನು ಕಲಿತವರು ಇಲ್ಲಿ ಬಿಸಿಲಿನಿಂದ ಕಾಪಾಡುವುದನ್ನು ಕಲಿಯಬೇಕಾಯಿತು. ಅಲ್ಲಿ ವಸಂತದಲ್ಲಿ ಬಿತ್ತುವ ಹೂಬೀಜಗಳನ್ನು ಇಲ್ಲಿ ಮಳೆಗಾಲ ಹಿಂಜರಿದ ಮೇಲೆ ಬಿತ್ತಬೇಕು. ಅಲ್ಲಿ ಗಾಜಿನ ಮನೆಯೊಳಗೆ ಕಾವು ಕೊಟ್ಟು ಸಾಕುವ ತಾಳೆಯ ಜಾತಿಗಳು ಇಲ್ಲಿ ಬಯಲಿನಲ್ಲಿಯೇ ಬೆಳೆಯುತ್ತವೆ, ಅಲ್ಲಿ ಬಯಲಿನಲ್ಲಿ ಅರಳುವ ಹೂಗಳು ಇಲ್ಲಿ ನೆರಳನ್ನು ಬೇಡುತ್ತವೆ. ಕಲಿತ ವಿದ್ಯೆಯನ್ನು ತಲೆಕೆಳಗು ಮಾಡಿ ಮತ್ತೆ ಕಲಿಯುವುದು ಎಲ್ಲರಿಗೂ ಸಾಧ್ಯವಾಗದು. ತಾನು ಬಲ್ಲವನೆಂಬ ಅಹಂಕಾರ ಅಡ್ಡ ಬರುತ್ತದೆ. ಭಾರತದ ಮಣ್ಣಿನ ಮುಂದೆ ಮತ್ತೊಮ್ಮೆ ಅಪ್ರೆಂಟಿಸ್ ಆಗಬೇಕಾಗಿ ಬಂದಾಗ ಕ್ರುಂಬಿಗಲ್ ಹಿಂಜರಿಯಲಿಲ್ಲ. ಅವರ ಹಿರಿಮೆಯ ಗುಟ್ಟು ಇದರಲ್ಲಿಯೇ ಇದೆ.

ಅವರ ಕೆಲಸದ ಸುದ್ದಿ ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಮುಟ್ಟಿತು. ಕಲೆ, ಸಂಗೀತ, ವಿಜ್ಞಾನಗಳನ್ನು ಸಮನಾಗಿ ಪ್ರೀತಿಸುತ್ತಿದ್ದ ಆ ದೊರೆ ಅವರನ್ನು ತಮ್ಮ ಸಂಸ್ಥಾನಕ್ಕೆ ಕರೆಸಿಕೊಂಡರು. 1908ರಲ್ಲಿ ನಲವತ್ತೆರಡರ ಪ್ರಾಯದ ಕ್ರುಂಬಿಗಲ್ ಬೆಂಗಳೂರಿಗೆ ಬಂದು ನೆಲೆಸಿದರು. ಲೋಮೆನ್, ಪಿಲ್‌ನಿಟ್ಸ್, ಶ್ವೆರೀನ್, ಹ್ಯಾಂಬರ್ಗ್, ಲಂಡನ್, ಬರೋಡಾ ಎಂದು ಅಲೆದ ಆ ಬಾಳು ಕೊನೆಗೆ ಬೇರೂರಿದ್ದು ಕನ್ನಡದ ನೆಲದಲ್ಲಿ.

ಲಾಲ್‌ಬಾಗು ನೋಡುವವರಿಗೆ ಕೇವಲ ವಿಹಾರಸ್ಥಾನವಾಗಿರಬಾರದು, ರೈತನಿಗೂ ಅದರಿಂದ ಪ್ರಯೋಜನವಾಗಬೇಕು ಎಂಬುದನ್ನು ಅವರ ಕಾರ್ಯಗಳೇ ಸಾರುತ್ತವೆ. ಅವರು ಬೇರೆ ಬೇರೆ ದೇಶಗಳ ಸಸ್ಯೋದ್ಯಾನಗಳೊಡನೆ ಬೀಜಗಳ ವಿನಿಮಯ ನಡೆಸಿದರು. ದನಕರುಗಳ ಮೇವಿಗೆ ಒದಗುವ ರೋಡ್ಸ್ ಹುಲ್ಲು, ರಷ್ಯಾದ ಸೂರ್ಯಕಾಂತಿ, ಸೋಯಾ ಅವರೆ, ಅಮೆರಿಕದ ಮೆಕ್ಕೆಜೋಳ ಮುಂತಾದವನ್ನು ತರಿಸಿ ಇಲ್ಲಿ ಬೆಳೆಸಿ ನೋಡಿದರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘದ ಸ್ಥಾಪನೆಗೆ ಕಾರಣರಾದರು. ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳು ಅಂಥ ಸಂಘದ ಆಶ್ರಯದಲ್ಲಿ ಬೆಳೆದು ಜನರ ಹಬ್ಬವಾದವು. ಅರಮನೆಗಳ ಹಿತ್ತಿಲಿಗೆ ಮಾತ್ರ ಮೀಸಲಾಗಿದ್ದ ಅಲಂಕಾರ ಸಸ್ಯಗಳು ಸಾಮಾನ್ಯರ ಮನೆಯಂಗಳಕ್ಕೂ ಬರುವ ಹಾದಿ ಇದರಿಂದ ಸುಗಮವಾಯಿತು.

ಆದರೆ ಜನರು ಇಂದಿಗೂ ಅವರನ್ನು ಸ್ಮರಿಸುವುದು ಮುಖ್ಯವಾಗಿ ಬೆಂಗಳೂರಿನ ರಸ್ತೆಗಳ ಮರಗಳಿಗಾಗಿ. ಹೂ ಬಿಡುವ ಮರಗಳನ್ನು ರಸ್ತೆಯ ಬದಿಯಲ್ಲಿ ನೆಡುವವರು ಹಲವರಿರಬಹುದು. ಕ್ರುಂಬಿಗಲ್ ಅವರ ಯೋಚನೆ ಇನ್ನೂ ದೂರ ಹೋಗಿತ್ತು. ಒಂದು ಜಾತಿಯ ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿಯ ಮರ ಅರಳಬೇಕು, ವರ್ಷದ ಯಾವ ತಿಂಗಳಲ್ಲಿಯೂ ನಗರ ಹೂವಿಲ್ಲದೆ ಇರಬಾರದು ಎಂಬುದು ಅವರ ಆಶಯ. ವರ್ಷಾರಂಭದ ತಿಂಗಳುಗಳಲ್ಲಿ ಟಬೂಬಿಯಾ ಮರಗಳು ಎಲೆ ಉದುರಿಸಿ ಗುಲಾಬಿ, ಹಳದಿ ಬಣ್ಣಗಳ ಹೂವಿನಿಂದ ತುಂಬುತ್ತವೆ. ಅವುಗಳ ಹಿಂದೆಯೇ ಜಕರಂದದ ನೀಲಿ ಬರುತ್ತದೆ. ಬಿರುಬೇಸಗೆಯಲ್ಲಿ ಗುಲ್‌ಮೊಹರ್ ಬೆಂಕಿಯಂತೆ ಕೆಂಪಗೆ ಉರಿಯುತ್ತದೆ. ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆಯ ಬಿಳಿಯ ಹೂಗಳು ರಾತ್ರಿಯ ಗಾಳಿಗೆ ಕಂಪನ್ನು ಬೆರೆಸುತ್ತವೆ. ಇವುಗಳಲ್ಲಿ ಟಬೂಬಿಯಾ, ಜಕರಂದಗಳು ಅಮೆರಿಕ ಖಂಡದವು, ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು, ಆಕಾಶಮಲ್ಲಿಗೆ ಬರ್ಮಾ ಮೊದಲಾದ ಸೀಮೆಗಳದ್ದು. ದೇಶದೇಶಗಳ ಮರಗಳು ಒಂದು ಊರಿನ ಪಂಚಾಂಗವಾದವು.

ಇಂಥ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕೆಂಬುದನ್ನು ಊಹಿಸಿಕೊಳ್ಳಿರಿ. ಪ್ರತಿಯೊಂದು ಮರವೂ ಈ ಹವೆಯಲ್ಲಿ ಯಾವಾಗ ಎಲೆ ಉದುರಿಸುತ್ತದೆ, ಯಾವಾಗ ಮೊಗ್ಗು ಹಿಡಿಯುತ್ತದೆ, ಎಷ್ಟು ದಿನ ಅರಳಿರುತ್ತದೆ ಎಂಬುದನ್ನು ವರ್ಷವರ್ಷವೂ ಗಮನಿಸಬೇಕು. ಇಂದು ನೆಟ್ಟ ಸಸಿ ರಸ್ತೆಯ ಮೇಲೆ ಕೊಡೆಯಂತೆ ಹರಡುವುದಕ್ಕೆ ಹಲವು ವರ್ಷಗಳೇ ಹಿಡಿಯುತ್ತವೆ. ನೆಡುವಾಗ ಮುಪ್ಪಿನ ಕಡೆಗೆ ನಡೆಯುತ್ತಿರುವವನು ಅದರ ಪೂರ್ಣ ವೈಭವವನ್ನು ತಾನು ಕಾಣಲಾರೆನೆಂದು ತಿಳಿದೇ ನೆಡಬೇಕು. ಪಿಲ್‌ನಿಟ್ಸಿನ ಕ್ಯಾಮೆಲಿಯಾವನ್ನು ನೆಟ್ಟವರ ಹೆಸರನ್ನು ಸ್ಮರಿಸುವವರು ವಿರಳ, ಹೂವನ್ನು ಮಾತ್ರ ಎಲ್ಲರೂ ಕಾಣುತ್ತಾರೆ.

ಉದ್ಯಾನವೆಂದರೆ ಕಟ್ಟಡದ ಮುಂದೆ ಉಳಿದ ಖಾಲಿ ಜಾಗವಲ್ಲ, ಕಟ್ಟಡ, ದಾರಿ, ನೀರು, ಮರ ಎಲ್ಲವೂ ಕೂಡಿ ಒಂದೇ ರಚನೆ ಎಂಬುದನ್ನು ಅವರು ಮನಗಂಡಿದ್ದರು. ಆದುದರಿಂದ ನಗರ ಯೋಜನೆಯಲ್ಲಿಯೂ ಕಟ್ಟಡಗಳ ವಿನ್ಯಾಸದಲ್ಲಿಯೂ ಸರಕಾರ ಅವರ ಸಲಹೆಯನ್ನು ಪಡೆಯಿತು. ಈ ದೃಷ್ಟಿಗೆ ದೊಡ್ಡ ಅವಕಾಶ ಒದಗಿದ್ದು ಕೃಷ್ಣರಾಜಸಾಗರದಲ್ಲಿ. ಕಾವೇರಿಗೆ ಅಡ್ಡಲಾಗಿ 1911ರಲ್ಲಿ ಆರಂಭವಾದ ಅಣೆಕಟ್ಟಿನ ಕೆಳಭಾಗದಲ್ಲಿ ಉದ್ಯಾನವೊಂದನ್ನು ರಚಿಸಬೇಕೆಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಸಂಕಲ್ಪಿಸಿದರು. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ ಅವರ ಕಣ್ಣ ಮುಂದಿತ್ತು. ಅದರ ವಿನ್ಯಾಸಕ್ಕೆ ಕ್ರುಂಬಿಗಲ್ ಅವರ ಕೈ ಸೇರಿತು. 1927ರಲ್ಲಿ ತೊಡಗಿದ ಕೆಲಸ 1932ರ ಹೊತ್ತಿಗೆ ಪೂರ್ಣಗೊಂಡಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹುಲ್ಲುಹಾಸುಗಳು, ಅವುಗಳ ನಡುವೆ ಹರಿಯುವ ಕಾಲುವೆಗಳು, ಚಿಮ್ಮುವ ಕಾರಂಜಿಗಳು, ಕತ್ತರಿಸಿ ಅಣಿಗೊಳಿಸಿದ ಗಿಡಗಳ ಸಾಲುಗಳು, ಇವೆಲ್ಲ ಕೂಡಿ ಬೃಂದಾವನವಾದವು. ಹೊಲಗಳಿಗೆ ನೀರುಣಿಸಲು ಕಟ್ಟಿದ ಅಣೆಕಟ್ಟು ಕಣ್ಣಿಗೂ ಹಬ್ಬವಾಯಿತು.

1932ರಲ್ಲಿ ಕ್ರುಂಬಿಗಲ್ ಸರಕಾರದ ಸೇವೆಯಿಂದ ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದವರು ಎಚ್. ಸಿ. ಜವರಾಯ ಅವರು. ಜವರಾಯರು ಲಾಲ್‌ಬಾಗಿನಲ್ಲಿ ಕ್ರುಂಬಿಗಲ್ ಅವರ ಕೈಕೆಳಗೆ ಕೆಲಸ ಮಾಡಿದವರು, ಕ್ಯೂ ಉದ್ಯಾನದಲ್ಲಿ ಶಿಕ್ಷಣ ಪಡೆದವರು. ಅವರ ಕಾಲದಲ್ಲಿ, 1935ರಲ್ಲಿ, ಗಾಜಿನ ಮನೆಯನ್ನು ಪೂರ್ವದ ಕಡೆಗೆ ವಿಸ್ತರಿಸಲಾಯಿತು. ಹೆಸರಘಟ್ಟದಲ್ಲಿ ಹಣ್ಣಿನ ಬೆಳೆಗಳ ಸಂಶೋಧನಾ ಕೇಂದ್ರ ತಲೆಯೆತ್ತಿತು. ಜವರಾಯರ ಅನಂತರದ ಪೀಳಿಗೆಯಲ್ಲಿ ಎಂ. ಎಚ್. ಮರಿಗೌಡರು ಬಂದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದ ಅವರು ರಾಜ್ಯದ ನಾನಾ ಕಡೆಗಳಲ್ಲಿ ತೋಟಗಾರಿಕಾ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ತೆರೆದು ಆ ವಿದ್ಯೆಯನ್ನು ರೈತನ ಹೊಲದ ಅಂಚಿಗೆ ಒಯ್ದರು. ಪಿಲ್‌ನಿಟ್ಸಿನ ಗುರುಗಳಿಂದ ಒಬ್ಬ ಹುಡುಗನಿಗೆ ಬಂದ ವಿದ್ಯೆ ಕ್ಯೂ ತೋಟವನ್ನು ಹಾದು, ಲಾಲ್‌ಬಾಗಿನಲ್ಲಿ ಕನ್ನಡಿಗರ ಕೈಗೆ ದಾಟಿ, ನಾಡಿನ ತುಂಬ ಹರಡಿತು. ತಾನು ಕಲಿತದ್ದನ್ನು ತನ್ನೊಡನೆಯೇ ಮುಗಿಯಗೊಡದವನೇ ನಿಜವಾದ ಗುರು.

ಬಿಡುವಿನ ಈ ಬಾಳಿಗೆ ಒಂದು ಕಷ್ಟವೂ ಒದಗಿತು. ಯುದ್ಧವೆಂಬುದು ಮನುಷ್ಯನ ಕೆಲಸವನ್ನು ನೋಡುವುದಿಲ್ಲ, ಅವನು ಹುಟ್ಟಿದ ದೇಶವನ್ನು ಮಾತ್ರ ನೋಡುತ್ತದೆ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಮಂಗಳೂರಿನ ಬಾಸೆಲ್ ಮಿಶನಿನ ಜರ್ಮನ್ನರನ್ನು ಬಂಧನದಲ್ಲಿಟ್ಟು ಅವರ ಕಾರ್ಖಾನೆಗಳನ್ನು ವಶಪಡಿಸಿಕೊಂಡುದನ್ನು ನಮ್ಮ ಜಿಲ್ಲೆಯ ಹಿರಿಯರು ಬಲ್ಲವರಾಗಿದ್ದರು. ಎರಡನೆಯ ಮಹಾಯುದ್ಧ ಬಂದಾಗ ಭಾರತದಲ್ಲಿದ್ದ ಜರ್ಮನ್ನರು ಮತ್ತೆ ಶತ್ರುಗಳೆಂದು ಎಣಿಸಲ್ಪಟ್ಟರು. ಎಪ್ಪತ್ತು ದಾಟಿದ್ದ ಕ್ರುಂಬಿಗಲ್ ಅವರೂ ಬಂಧನದ ನೋವನ್ನು ಉಣ್ಣಬೇಕಾಯಿತು. ಅರ್ಧ ಶತಮಾನಕ್ಕೆ ಸಮೀಪದಷ್ಟು ಕಾಲ ಈ ದೇಶದಲ್ಲಿ ಬಾಳಿ, ಇಲ್ಲಿಯ ಬೀದಿಗಳಿಗೆ ನೆರಳನ್ನೂ ಹೂವನ್ನೂ ಕೊಟ್ಟವರು ಅದೇ ಊರಿನಲ್ಲಿ ಪರಕೀಯರೆನಿಸಿಕೊಂಡರು. ಅವರು ನೆಟ್ಟ ಮರಗಳು ಮಾತ್ರ ಆ ವರ್ಷಗಳಲ್ಲಿಯೂ ತಮ್ಮ ಸರದಿ ತಪ್ಪದೆ ಅರಳುತ್ತಿದ್ದವು.

ಈ ಅನುಭವದ ಬಳಿಕವೂ ಅವರು ಈ ನಾಡನ್ನು ಬಿಟ್ಟು ಹೋಗಲಿಲ್ಲ. ಸ್ವಾತಂತ್ರ್ಯ ಬಂದುದನ್ನೂ, ಮೈಸೂರು ಸಂಸ್ಥಾನ ಭಾರತ ಗಣರಾಜ್ಯದಲ್ಲಿ ಒಂದಾದುದನ್ನೂ ಕಂಡು, 1956ನೆಯ ಇಸವಿ ಫೆಬ್ರವರಿ 8ರಂದು, ತೊಂಬತ್ತರ ಪ್ರಾಯದಲ್ಲಿ, ಬೆಂಗಳೂರಿನಲ್ಲಿ ಕಣ್ಮುಚ್ಚಿದರು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ದಕ್ಷಿಣ ಕನ್ನಡವೂ ಸೇರಿ ಕನ್ನಡ ನಾಡು ಒಂದಾಯಿತು. ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನ ಸಮೀಪದ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ತೋಟದೊಳಗೆ ಅವರ ಹೆಸರಿನಲ್ಲಿದ್ದ ಹಳೆಯ ಉಪನ್ಯಾಸ ಮಂದಿರ 2017ರಲ್ಲಿ ಶಿಥಿಲವಾಗಿ ಕುಸಿಯಿತು. ಕಲ್ಲುಗಾರೆಯ ಕಟ್ಟಡ ಬಿದ್ದರೂ ಬೇರೂರಿದ ಮರಗಳು ಉಳಿದುಕೊಂಡಿವೆ. ನಗರ ಬೆಳೆದು ರಸ್ತೆಗಳನ್ನು ಅಗಲಗೊಳಿಸಿದಾಗ ಅಂಥ ಹಳೆಯ ಮರಗಳೂ ಅನೇಕ ಕಡೆ ಕೊಡಲಿಗೆ ಬಲಿಯಾದವು. ಉಳಿದವುಗಳನ್ನು ಕಾಪಾಡುವುದು ಇಂದಿನವರ ಹೊಣೆ.

ಲಾಲ್‌ಬಾಗಿನಲ್ಲಿ ಆ ಹುಡುಗರು ಕೇಳಿದ ಪ್ರಶ್ನೆಗಳಿಗೆ ಈಗ ಬರೋಣ. ಕಾಡು ತಾನಾಗಿ ಬೆಳೆಯುತ್ತದೆ, ನಿಜ. ಆದರೆ ಬೇರೆ ಬೇರೆ ನೆಲಗಳ ಗಿಡಗಳನ್ನು ಒಂದೆಡೆ ತಂದು, ಒಂದು ಇನ್ನೊಂದನ್ನು ನುಂಗದಂತೆ, ಎಲ್ಲವೂ ತಮ್ಮ ಕಾಲಕ್ಕೆ ಅರಳುವಂತೆ ಬಾಳಿಸುವುದು ಮನುಷ್ಯನ ಶ್ರಮದಿಂದ ಮಾತ್ರ ಸಾಧ್ಯ. ಆ ಶ್ರಮಕ್ಕೆ ಶಿಕ್ಷಣ ಬೇಕು. ಕುಂಡ ತೊಳೆಯುವ ಕೆಲಸದಿಂದ ತೊಡಗಿ ಒಂದು ಸಂಸ್ಥಾನದ ಉದ್ಯಾನಗಳಿಗೆಲ್ಲ ಹೊಣೆಗಾರನಾಗುವವರೆಗಿನ ಹಾದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕಾಗುತ್ತದೆ. ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂದು ನಮ್ಮ ಶರಣರು ಬಹು ಹಿಂದೆಯೇ ಸಾರಿದರು. ದೂರದ ಸ್ಯಾಕ್ಸನಿಯಲ್ಲಿ ಹುಟ್ಟಿದ ಒಬ್ಬ ತೋಟಗಾರರು ಅದನ್ನು ನಮ್ಮ ನೆಲದಲ್ಲಿಯೇ ಬದುಕಿ ತೋರಿಸಿದರು.

ಅಂದು ನಕ್ಕ ಹುಡುಗನು ಪ್ರವಾಸದಿಂದ ಮರಳಿದ ಮೇಲೆ ಶಾಲೆಯ ಅಂಗಳದ ಮೂಲೆಯಲ್ಲಿ ಒಂದು ಸಂಪಿಗೆಯ ಸಸಿಯನ್ನು ನೆಟ್ಟನು. ಮೊದಲನೆಯದು ಬೇರು ಕೊಳೆತು ಸತ್ತಿತು. ಗುಂಡಿಯಲ್ಲಿ ನೀರು ನಿಲ್ಲುತ್ತಿತ್ತೆಂಬುದನ್ನು ಅವನೇ ಅಗೆದು ಕಂಡುಕೊಂಡನು. ಎರಡನೆಯದಕ್ಕೆ ತಳದಲ್ಲಿ ಒಡೆದ ಹಂಚಿನ ಚೂರುಗಳನ್ನು ಹಾಕಿ ನೆಟ್ಟನು. ಅದು ಬದುಕಿತು. ಅದು ಮೊದಲ ಹೂ ಬಿಡುವ ಹೊತ್ತಿಗೆ ಅವನು ಶಾಲೆಯನ್ನು ಬಿಟ್ಟು ವರ್ಷಗಳೇ ಕಳೆದಿದ್ದವು. ಅವನ ಹೆಸರನ್ನೇ ಅರಿಯದ ಮಕ್ಕಳು ಅದರ ಹೂವನ್ನು ಆರಿಸಿಕೊಂಡರು.